ಸಣ್ಣ ಪಾತ್ರೆ ಮೊದಲು

ನನಗೆ ಸಿಟ್ಟು ಬರುವುದು ಅಪರೂಪ ಎಂದು ಬಹಳ ವರ್ಷಗಳಿಂದ ನಂಬಿಕೊಂಡು ಬಂದಿದ್ದೇನೆ. ನನ್ನ ಹೆಂಡತಿ ಸುಮತಿ ಇದನ್ನು ಒಪ್ಪುವುದಿಲ್ಲ. ಅವಳು ಒಪ್ಪದ ಸಂಗತಿಗಳು ಬೇಕಾದಷ್ಟಿರುವುದರಿಂದ ಇದೊಂದನ್ನೇ ಹಿಡಿದುಕೊಂಡು ಕೂತರೆ ಸಂಸಾರ ಸಾಗುವುದಿಲ್ಲ. ಬಯ್ಯುವವರಿಗೆ ತಿರುಗಿ ಬಯ್ಯಬಹುದು. ಸುಳ್ಳು ಹೇಳುವವರನ್ನು ನಿಲ್ಲಿಸಿ ಕೇಳಬಹುದು. ಆದರೆ ನಯವಾಗಿ ಮಾತಾಡುತ್ತಲೇ ನಮ್ಮನ್ನು ಗೋಳು ಹೊಯ್ದುಕೊಳ್ಳುವವರನ್ನು ಏನು ಮಾಡುವುದು? ನಮ್ಮ ಡೈರಿಯ ಕಂಪ್ಯೂಟರ್ ಆ ಪೈಕಿಯದು. ಅದು ಒಂದು ದಿನವೂ ನನ್ನ ಮೇಲೆ ರೇಗಿದ್ದಿಲ್ಲ. 'ದಯವಿಟ್ಟು ಕಾಯಿರಿ' ಅನ್ನುತ್ತದೆ. 'ಇನ್ನೇನು ಮುಗಿಯಿತು' ಅನ್ನುತ್ತದೆ. 'ದಯವಿಟ್ಟು ಕಂಪ್ಯೂಟರ್ ಆಫ್ ಮಾಡಬೇಡಿ' ಎಂದು ಮದುವೆಮನೆಯಲ್ಲಿ ಊಟಕ್ಕೆ ನಿಲ್ಲಿಸಿಕೊಳ್ಳುವವರ ಹಾಗೆ ಒತ್ತಾಯ ಮಾಡುತ್ತದೆ. ಹೀಗೆಲ್ಲ ಅನ್ನುತ್ತಲೇ ಅದು ಒಂದು ಸಂಜೆ ಮೂವತ್ತೆಂಟು ಮಂದಿಯನ್ನು ಹಾಲಿನ ಸಮೇತ ಅಂಗಳದಲ್ಲಿ ನಿಲ್ಲಿಸಿತು. ನನ್ನ ಇಪ್ಪತ್ತನಾಲ್ಕು ವರ್ಷದ ಮರ್ಯಾದೆಯನ್ನೂ ಅಲ್ಲೇ ಪಕ್ಕದಲ್ಲಿ ನಿಲ್ಲಿಸಿತು.

ನಾನು ಹಾಲಿನ ಸೊಸೈಟಿಯೊಂದರ ಕಾರ್ಯದರ್ಶಿ. ನಮ್ಮಲ್ಲಿ ಅದನ್ನು ಸೊಸೈಟಿ ಅನ್ನುವವರಿಲ್ಲ, ಡೈರಿ ಅನ್ನುತ್ತಾರೆ. ಬಿಜೂರಿನಿಂದ ಕಿರಿಮಂಜೇಶ್ವರದ ಕಡೆಗೆ ಹೋಗುವಾಗ ಹೆದ್ದಾರಿ ಬಿಟ್ಟು ಪೂರ್ವಕ್ಕೆ ತಿರುಗಿದರೆ, ಒಂದು ಮೋರಿ ದಾಟಿದ ಮೇಲೆ ಸಿಗುವ ಹೆಂಚಿನ ಕಟ್ಟಡ. ಒಳಗೆ ಹಾಲು ಪರೀಕ್ಷೆ ಮಾಡುವ ಯಂತ್ರ, ತೂಕದ ಯಂತ್ರ, ಗೋಡೆಗೆ ಒರಗಿಸಿದ ಹಿಂಡಿ ಮೂಟೆಗಳು, ಮೂಲೆಯಲ್ಲಿ ಆ ಕಂಪ್ಯೂಟರ್. ಬೆಳಿಗ್ಗೆ ಆರಕ್ಕೆ, ಸಂಜೆ ಐದಕ್ಕೆ ಹಾಲು ತೆಗೆದುಕೊಳ್ಳಲು ಶುರು. ತಂದ ಹಾಲಿನಲ್ಲಿ ಒಂದು ಸಣ್ಣ ಕುಪ್ಪಿಯಷ್ಟನ್ನು ಮೊದಲು ಪರೀಕ್ಷೆಗೆ ತೆಗೆದಿಟ್ಟು, ಆಮೇಲೆ ಉಳಿದದ್ದನ್ನು ದೊಡ್ಡ ಕ್ಯಾನಿಗೆ ಸುರಿಯಬೇಕು. ಒಮ್ಮೆ ಕ್ಯಾನಿಗೆ ಬಿತ್ತೆಂದರೆ ಯಾರ ಹಾಲು ಯಾವುದು ಎಂದು ಕೊಟ್ಟ ಹಸುವಿಗೂ ಗೊತ್ತಾಗುವುದಿಲ್ಲ. ಆದ್ದರಿಂದ 'ಮೊದಲು ಸ್ಯಾಂಪಲ್, ಆಮೇಲೆ ಕ್ಯಾನ್' ಎಂದು ದಿನಕ್ಕೆ ಎರಡು ಹೊತ್ತು ಗಂಟಲು ಹರಿದುಕೊಳ್ಳುತ್ತ ಬಂದಿದ್ದೇನೆ. ಯಾವ ಕೆಲಸಕ್ಕೂ ಒಂದು ಕ್ರಮ ಇದೆ, ಕ್ರಮ ತಪ್ಪಿದರೆ ಕೆಲಸ ಕೆಟ್ಟಿತು ಎಂದು ಈ ಊರಿಗೆ ಕಲಿಸಿದವನು ನಾನು. ಈ ಮಾತನ್ನು ಈಗಲೇ ಹೇಳಿ ಮುಗಿಸುತ್ತೇನೆ, ಇನ್ನು ಸ್ವಲ್ಪ ಹೊತ್ತಿಗೆ ಹೇಳಲು ನಾಚಿಕೆಯಾಗುತ್ತದೆ.

ನನಗೆ ಹೆಮ್ಮೆಪಡಲು ಇರುವುದು ಎರಡೇ. ಒಂದು, ನಾನು ಕಾರ್ಯದರ್ಶಿಯಾದ ಮೇಲೆ ಹಾಲಿನ ವ್ಯಾನ್ ನಮ್ಮ ಡೈರಿಯಿಂದ ಒಂದೇ ಒಂದು ಹೊತ್ತೂ ಖಾಲಿ ಹೋದದ್ದಿಲ್ಲ. ಮೋರಿಯ ಮೇಲೆ ನೀರು ಹರಿದ ದಿನ ಕ್ಯಾನುಗಳನ್ನು ತಲೆಯ ಮೇಲೆ ಹೊತ್ತು ಹೆದ್ದಾರಿಗೆ ಮುಟ್ಟಿಸಿದ್ದೇವೆ. ಬಂದ್ ಇದ್ದ ದಿನ ಬೆಳಗಿನ ಜಾವವೇ ಹಾಲು ಕರೆಸಿ ಕಳಿಸಿದ್ದೇವೆ. ಬರುವ ವರ್ಷ ನಾನು ನಿವೃತ್ತನಾಗುತ್ತೇನೆ. ಬೀಳ್ಕೊಡುವ ದಿನ ಹಾರ ಹಾಕಿ, ಹಣ್ಣಿನ ತಟ್ಟೆ ಕೊಟ್ಟು, 'ಇವರ ಕಾಲದಲ್ಲಿ ವ್ಯಾನ್ ಒಮ್ಮೆಯೂ ಖಾಲಿ ಹೋಗಲಿಲ್ಲ' ಎಂದು ಅಧ್ಯಕ್ಷರು ಹೇಳಬೇಕೆಂಬುದು ನನ್ನ ಆಸೆ. ಅವರಿಗೆ ಮರೆತುಹೋದರೆ ಎಂದು ಎರಡು ಸಲ ನೆನಪು ಮಾಡಿಯೂ ಆಗಿದೆ. ಎರಡನೆಯದು, ನಮ್ಮ ಡೈರಿಯ ಸಾಲಿನ ಕ್ರಮ. ಬೇರೆ ಕಡೆ ಮೊದಲು ಬಂದವರಿಗೆ ಮೊದಲು. ನಮ್ಮಲ್ಲಿ ಸಣ್ಣ ಪಾತ್ರೆ ಮೊದಲು. ಒಂದು ಲೀಟರು, ಒಂದೂವರೆ ಲೀಟರು ತರುವವರು ಬಂದ ಕೂಡಲೇ ಮುಂದೆ ಹೋಗಿ ಕೊಟ್ಟು ಮನೆಗೆ ಹೋಗಬೇಕು. ಎಂಟು ಹತ್ತು ದನ ಕಟ್ಟಿಕೊಂಡು ಸ್ಕೂಟರಿನಲ್ಲಿ ಕ್ಯಾನ್ ತರುವವರು ಕಾಯಬೇಕು. ಬಡವರಿಗೆ, ವಯಸ್ಸಾದವರಿಗೆ ಅನುಕೂಲವಾಗಲಿ ಎಂದು ನಾನೇ ಮಾಡಿದ ಕ್ರಮ. ಬೈಂದೂರಿನ ಒಂದು ಸಭೆಯಲ್ಲಿ ಇದರ ಬಗ್ಗೆ ಕಾಲು ಗಂಟೆ ಮಾತಾಡಿ ಚಪ್ಪಾಳೆ ಹೊಡೆಸಿಕೊಂಡಿದ್ದೇನೆ.

ಇಂಥ ಡೈರಿಗೆ ಕಂಪ್ಯೂಟರ್ ಬಂತು. ಬರಲಿ, ಕಾಲಕ್ಕೆ ತಕ್ಕ ಹಾಗೆ ಇರಬೇಕು. ಮೊದಮೊದಲು ಅದರ ಮೇಲೆ ಬಟ್ಟೆ ಹೊದೆಸಿ, ದಸರೆಗೆ ಹೂ ಇಟ್ಟು, ಕೈಬರಹದ ಪುಸ್ತಕದಲ್ಲೇ ಕೆಲಸ ಸಾಗಿಸುತ್ತಿದ್ದೆ. ಎರಡು ವರ್ಷದಿಂದ ಅದು ನಡೆಯುತ್ತಿಲ್ಲ. ಪ್ರತಿಯೊಬ್ಬರ ಹಾಲೂ ಕಂಪ್ಯೂಟರಿನಲ್ಲೇ ದಾಖಲಾಗಬೇಕು, ಕೊನೆಗೆ ಅದರಿಂದಲೇ ರವಾನೆ ಚೀಟಿ ಪ್ರಿಂಟ್ ಆಗಬೇಕು, ಆ ಚೀಟಿ ಕೈಗೆ ಬಾರದೆ ವ್ಯಾನಿನವನು ಕ್ಯಾನ್ ಮುಟ್ಟಬಾರದು ಎಂದು ಮೇಲಿನವರ ಕಟ್ಟಪ್ಪಣೆ. ಆಗಲಿ ಅಂದೆ. ಅಷ್ಟಾದರೂ ಅದು ನನ್ನ ಪಾಡಿಗೆ ನನ್ನನ್ನು ಬಿಡಲಿಲ್ಲ. ಬೆಳಿಗ್ಗೆ ಬಂದು ಬಾಗಿಲು ತೆಗೆದರೆ ಸಾಕು, 'ಹೊಸ ಅಪ್‌ಡೇಟುಗಳು ಕಾಯುತ್ತಿವೆ' ಎಂದು ಮೂಲೆಯಲ್ಲಿ ಒಂದು ಚೌಕ ಎದ್ದು ನಿಲ್ಲುತ್ತಿತ್ತು. ಕೆಳಗೆ ಎರಡು ಗುಂಡಿ: 'ಈಗಲೇ' ಮತ್ತು 'ಆಮೇಲೆ ನೆನಪಿಸು'. ನಾನು ಎರಡು ವರ್ಷ ಎರಡನೆಯದನ್ನೇ ಒತ್ತಿದೆ. ಯಾರಾದರೂ ಎರಡು ವರ್ಷ ಒಂದೇ ಪ್ರಶ್ನೆಗೆ ಒಂದೇ ಉತ್ತರ ಕೊಟ್ಟರೆ, ಕೇಳುವವನಿಗೆ ಅರ್ಥವಾಗಬೇಡವೆ? ನಮ್ಮ ಎಲ್ಐಸಿ ಏಜೆಂಟರೇ ಆರು ತಿಂಗಳಿಗೆ ಕೈಬಿಟ್ಟಿದ್ದರು. ಇದು ಬಿಡಲಿಲ್ಲ.

ಕಡೆಗೆ ಮೇಲಿನಿಂದ ಸುತ್ತೋಲೆ ಬಂತು. ಬರುವ ತಿಂಗಳಿನಿಂದ ಹಾಲು ದಾಖಲಿಸುವ ಪ್ರೋಗ್ರಾಮಿನ ಹೊಸ ಆವೃತ್ತಿ ಬರುತ್ತದೆ, ಅದು ಕೂರಬೇಕಾದರೆ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮಿಗೆ ಬಾಕಿ ಇರುವ ಅಪ್‌ಡೇಟುಗಳೆಲ್ಲ ಆಗಿರಬೇಕು, ಇಲ್ಲದಿದ್ದರೆ ರವಾನೆ ಚೀಟಿ ಬರುವುದಿಲ್ಲ ಎಂದು. ಚೀಟಿ ಬಾರದಿದ್ದರೆ ವ್ಯಾನ್ ಖಾಲಿ. ನಾನು ಕುಂದಾಪುರದ ರೇವತಿಗೆ ಫೋನ್ ಮಾಡಿದೆ. ಆಕೆ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟುಕೊಂಡಿರುವ ಹೆಂಗಸು, ಕುಂದಾಪುರದಿಂದ ಬೈಂದೂರಿನವರೆಗಿನ ಅರ್ಧ ಕಚೇರಿಗಳು ಅವಳನ್ನು ನಂಬಿಕೊಂಡೇ ಉಸಿರಾಡುತ್ತಿವೆ. ಅವಳಿಗೆ ಆ ವಾರ ಬ್ರಹ್ಮಾವರದಲ್ಲಿ ಯಾವುದೋ ದೊಡ್ಡ ಕೆಲಸ. "ಅಣ್ಣ, ನಂಗೆ ಬಪ್ಪುಕಾತಿಲ್ಲೆ. ನಿಮ್ಮಲ್ಲಿ ಇಂಟರ್ನೆಟ್ಟೂ ಸಮ ಇಲ್ಲೆ. ಎಲ್ಲ ಪೆನ್ ಡ್ರೈವಿಗೆ ಹಾಕಿ ಬಸ್ಸಿಗೆ ಕೊಡ್ತೆ, ನೀವೇ ಹಾಕ್ಕಣಿ. ಕಷ್ಟ ಎಂತ ಇಲ್ಲೆ, ಕ್ರಮ ತಪ್ಪುಕಾಗ ಅಷ್ಟೆ" ಅಂದಳು. ಕ್ರಮದ ವಿಷಯ ನನಗೆ ಹೇಳುವುದೇ ಎಂದು ಮನಸ್ಸಿನಲ್ಲೇ ನಕ್ಕೆ.

ಮರುದಿನ ಮಧ್ಯಾಹ್ನ ಹೆದ್ದಾರಿಯಲ್ಲಿ ನಿಂತು ಕಂಡಕ್ಟರ್ ಕೈಯಿಂದ ಲಕೋಟೆ ಇಸಕೊಂಡೆ. ಒಳಗೆ ಹೆಬ್ಬೆರಳಿನಷ್ಟು ಪೆನ್ ಡ್ರೈವ್, ಅದಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಸುತ್ತಿದ ಒಂದು ಚೀಟಿ. ಚೀಟಿಯಲ್ಲಿ ಮುದ್ದಾದ ಅಕ್ಷರದಲ್ಲಿ ಐದು ಅಪ್‌ಡೇಟುಗಳಿಗೆ ನಂಬರ್ ಕೊಟ್ಟು, 'ದೊಡ್ಡದು ಮೊದಲು. ಅದು ಪೂರ್ತಿ ಕೂತು, ಕಂಪ್ಯೂಟರ್ ಒಮ್ಮೆ ಆಫ್ ಆಗಿ ಆನ್ ಆದ ಮೇಲೆಯೇ ಉಳಿದ ನಾಲ್ಕು. ಒಂದು ಮುಗಿಯದೆ ಇನ್ನೊಂದನ್ನು ಮುಟ್ಟಬೇಡಿ' ಎಂದು ಬರೆದು, 'ಮುಟ್ಟಬೇಡಿ' ಅನ್ನುವುದಕ್ಕೆ ಕೆಳಗೆ ಎರಡು ಗೆರೆ ಎಳೆದಿದ್ದಳು. ಇದಕ್ಕಿಂತ ಸ್ಪಷ್ಟವಾಗಿ ಬರೆಯಲು ಯಾರಿಂದಲೂ ಆಗದು. ಹಾಗಾಗಿ ಅರ್ಥವಾಗಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ದಾರಿಯೂ ನನಗಿಲ್ಲ.

ಎರಡು ಗಂಟೆಗೆ ಕೂತೆ. ಪೆನ್ ಡ್ರೈವ್ ಚುಚ್ಚಿದೆ. ಐದೂ ಸಾಲಾಗಿ ಕಂಡವು. ದೊಡ್ಡದು ಎಂದರೆ ಸಾಮಾನ್ಯ ದೊಡ್ಡದಲ್ಲ, ಉಳಿದ ನಾಲ್ಕನ್ನು ಸೇರಿಸಿದರೂ ಅದರ ಕಾಲುಪಾಲು ಆಗದು. ಒತ್ತಿದರೆ ಒಂದು ಗಂಟೆಗೂ ಮೇಲೆ ಬೇಕು ಅನ್ನುತ್ತಿತ್ತು. ಅದರ ಹಿಂದೆ ನಾಲ್ಕು ಚಿಕ್ಕವು, ತಲಾ ಐದು ಹತ್ತು ನಿಮಿಷದವು, ಪಾಪ, ಸುಮ್ಮನೆ ಕಾಯುತ್ತ ನಿಂತಿದ್ದವು. ನೋಡಿದ ಕೂಡಲೇ ನನಗೆ ತಡೆಯಲಾಗಲಿಲ್ಲ. ಇಪ್ಪತ್ತನಾಲ್ಕು ವರ್ಷ ದಿನಕ್ಕೆರಡು ಹೊತ್ತು ಇದೇ ದೃಶ್ಯ ನೋಡಿದವನು ನಾನು. ದೊಡ್ಡ ಕ್ಯಾನಿನವನು ಮುಂದೆ ನಿಂತು ಜಾಗ ಬಿಡುವುದಿಲ್ಲ, ಹಿಂದೆ ಸಣ್ಣ ಪಾತ್ರೆಯವರು ಕಾಲು ಬದಲಾಯಿಸುತ್ತಾ ನಿಂತಿರುತ್ತಾರೆ. ಈ ರೇವತಿಗೆ ಕಂಪ್ಯೂಟರ್ ಗೊತ್ತಿರಬಹುದು, ಸಾಲು ನಡೆಸುವುದು ಗೊತ್ತಿಲ್ಲ ಅಂದುಕೊಂಡೆ. ಚಿಕ್ಕವು ನಾಲ್ಕನ್ನು ಅರ್ಧ ಗಂಟೆಯಲ್ಲಿ ಮುಗಿಸಿ ಕಳಿಸಿಬಿಟ್ಟರೆ ದೊಡ್ಡದು ಅದರ ಪಾಡಿಗೆ ನಿಧಾನವಾಗಿ ಆಗಲಿ. ಚೀಟಿಯನ್ನು ಮಡಚಿ ಜೇಬಿಗೆ ಹಾಕಿದೆ. ಅತಿ ಸಣ್ಣದರ ಮೇಲೆ ಒತ್ತಿದೆ.

ಮೊದಲನೆಯದು ಸರಾಗವಾಗಿ ಹೋಯಿತು. ಎರಡನೆಯದೂ ಹೋಯಿತು. ನನ್ನ ಬುದ್ಧಿಯ ಬಗ್ಗೆ ನನಗೇ ಅಭಿಮಾನ ಉಕ್ಕಿತು. ಮೂರನೆಯದು, 'ಈ ಅಪ್‌ಡೇಟ್ ನಿಮ್ಮ ಕಂಪ್ಯೂಟರಿಗೆ ಅನ್ವಯಿಸುವುದಿಲ್ಲ' ಅಂದಿತು. ಅನ್ವಯಿಸದಿದ್ದರೆ ಕಟ್ಟಿಕೊಂಡು ನನಗೇನು ಎಂದು ಅದನ್ನು ಬಿಟ್ಟೆ. ನಾಲ್ಕನೆಯದು ಅರ್ಧಕ್ಕೆ ಬಂದು, ಒಮ್ಮೆ ಆಫ್ ಆಗಿ ಆನ್ ಆಗುತ್ತೇನೆ ಅಂದಿತು. ಆಗು ಅಂದೆ. ಆನ್ ಆಗುವಾಗ ತೆರೆ ಪೂರ್ತಿ ನೀಲಿಯಾಗಿ, ನಡುವೆ ಒಂದಿಷ್ಟು ಚುಕ್ಕೆ ವೃತ್ತಾಕಾರದಲ್ಲಿ ತಿರುಗತೊಡಗಿದವು. 'ಬದಲಾವಣೆ ಮಾಡುತ್ತಿದ್ದೇವೆ, ದಯವಿಟ್ಟು ಕಾಯಿರಿ.' ಕಾದೆ. ಇಪ್ಪತ್ತು ನಿಮಿಷ ಕಾದ ಮೇಲೆ, 'ಬದಲಾವಣೆ ಮಾಡಲಾಗಲಿಲ್ಲ, ಮಾಡಿದ್ದನ್ನು ಹಿಂದಕ್ಕೆ ತೆಗೆಯುತ್ತಿದ್ದೇವೆ, ದಯವಿಟ್ಟು ಕಾಯಿರಿ.' ಮತ್ತೂ ಕಾದೆ. ನಾಲ್ಕೂಕಾಲಿಗೆ ಅದು ಎಚ್ಚರವಾಯಿತು. ಬದುಕಿದೆ ಎಂದು ಹಾಲಿನ ಪ್ರೋಗ್ರಾಮ್ ಒತ್ತಿದರೆ ಅದು ತೆರೆಯಲಿಲ್ಲ. ಬೇಕಾದ ಯಾವುದೋ ಫೈಲು ಇಲ್ಲವಂತೆ. ಬೆಳಿಗ್ಗೆ ಇತ್ತು, ಮಧ್ಯಾಹ್ನ ಇತ್ತು, ನಾನು ಕೈ ಹಾಕಿದ ಮೇಲೆ ಇಲ್ಲ.

ಕ್ರಮ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಮನೆಯಲ್ಲೇ ಒಂದು ಸಾಕ್ಷಿ ಇದೆ, ನನ್ನ ಮದುವೆಯ ಆಲ್ಬಮ್. ಯಡ್ತರೆಯಲ್ಲಿ ಸುಮತಿಯ ಮನೆಯ ಚಪ್ಪರದಲ್ಲಿ ಮದುವೆ. ಫೋಟೋದವನ ಬಸ್ಸು ಕೆಟ್ಟು ಅವನು ಬಂದು ಮುಟ್ಟುವಾಗ ಧಾರೆ ಮುಗಿದು, ಊಟವೂ ಮುಗಿದು, ನಾನು ಎಲೆಯಡಿಕೆ ಹಾಕಿಕೊಂಡು ಕೂತಿದ್ದೆ. ಹಾರ ಬದಲಾಯಿಸುವುದೊಂದನ್ನಾದರೂ ಮತ್ತೆ ಮಾಡಿ ಎಂದು ಅವನು ಅಂಗಲಾಚಿದ್ದರಿಂದ ಮಾಡಿದೆವು. ಹಾಗಾಗಿ ಆ ಫೋಟೋದಲ್ಲಿ ಮದುಮಗನ ಬಾಯಿ ಕೆಂಪಗೆ ತುಂಬಿಕೊಂಡಿದೆ, ಮದುಮಗಳು ನಿದ್ದೆಗಣ್ಣಿನಲ್ಲಿದ್ದಾಳೆ, ಹಿಂದೆ ಯಾರೋ ಬಾಳೆಎಲೆ ಎತ್ತಿಕೊಂಡು ಹೋಗುತ್ತಿದ್ದಾರೆ. ಸುಮತಿ ಇದನ್ನು ಮನೆಗೆ ಬಂದವರಿಗೆಲ್ಲ ತೋರಿಸುತ್ತಾಳೆ. "ಇವ್ರ್ ಊಟ ಬಿಟ್ಟ್ರೆ ಬೇರೆ ಯಾವ್ದನ್ನೂ ಮೊದ್ಲ್ ಮಾಡ್ದವ್ರಲ್ಲ" ಅನ್ನುತ್ತಾಳೆ. ಇಷ್ಟು ವರ್ಷ ಆ ಮಾತಿಗೆ ನಾನೂ ನಗುತ್ತಿದ್ದೆ. ನಾಲ್ಕೂಕಾಲಿಗೆ ಆ ಫೋಟೋ ನೆನಪಾದಾಗ ನಗು ಬರಲಿಲ್ಲ.

ರೇವತಿಗೆ ಫೋನ್ ಮಾಡಿದೆ. "ಅಣ್ಣ, ಚೀಟಿ ಓದಿದ್ರಿ ಅಲ್ದಾ? ಅದೇ ಕ್ರಮದಲ್ಲಿ ಹಾಕ್ದ್ರಿಯಾ?" ಎಂದು ಕೇಳಿದಳು. "ಹೌದ್ ಹೌದ್, ಅದೇ ಕ್ರಮ" ಅಂದೆ. ಯಾಕೆ ಹಾಗೆ ಅಂದೆ ಎಂದು ಈಗಲೂ ಗೊತ್ತಿಲ್ಲ. ಡಾಕ್ಟರು ಮಾತ್ರೆ ಸರಿಯಾಗಿ ತೆಗೆದುಕೊಂಡಿರಾ ಎಂದು ಕೇಳಿದಾಗಲೂ ನನ್ನ ಬಾಯಿಂದ ಹೀಗೆಯೇ ಬರುತ್ತದೆ. "ಹಾಂಗಾರೆ ಹೀಂಗ್ ಆಪುದಿಲ್ಲೆ ಅಣ್ಣ" ಎಂದು ಅವಳು ತಲೆಬಿಸಿ ಮಾಡಿಕೊಂಡು, ಇದು ಒತ್ತಿ ಅದು ಒತ್ತಿ ಎಂದು ಅರ್ಧ ಗಂಟೆ ಒತ್ತಿಸಿದಳು. ನಡೆದದ್ದು ಹೇಳಿದ್ದರೆ ಆ ಅರ್ಧ ಗಂಟೆ ಉಳಿಯುತ್ತಿತ್ತು. ಇಷ್ಟರಲ್ಲಿ ಐದಾಯಿತು. ಅಂಗಳದಲ್ಲಿ ಸಾಲು ಶುರುವಾಯಿತು.

ಸಾಲಿನ ತಲೆಯಲ್ಲಿ ಎಂದಿನಂತೆ ಸುಮತಿ, ಒಂದೂವರೆ ಲೀಟರಿನ ಸ್ಟೀಲ್ ಪಾತ್ರೆ ಹಿಡಿದುಕೊಂಡು. ಅವಳ ಹಿಂದೆ ಗಿರಿಜಕ್ಕ. ಎಪ್ಪತ್ತು ದಾಟಿದವರು, ಒಂದೇ ದನ, ಅದನ್ನು ಹೆಸರು ಹಿಡಿದು ಕರೆಯುವಾಗಲೂ ಬಹುವಚನ. ಕಡೆಯಲ್ಲಿ ಶೀನಣ್ಣ, ಎರಡು ದೊಡ್ಡ ಕ್ಯಾನುಗಳ ಸಮೇತ. ಮೂವತ್ತು ವರ್ಷ ಮುಂಬೈಯ ಕ್ಯಾಂಟೀನುಗಳಲ್ಲಿ ದುಡಿದು ಬಂದು ದನದ ಹಟ್ಟಿ ಕಟ್ಟಿದ ಮನುಷ್ಯ. ನಮ್ಮ ಡೈರಿಯ ಕಾಲುಭಾಗ ಹಾಲು ಅವನದು. ಸಣ್ಣ ಪಾತ್ರೆಯ ಕ್ರಮದಿಂದಾಗಿ ಇಷ್ಟು ವರ್ಷ ಎಲ್ಲರಿಗಿಂತ ಕೊನೆಗೆ ನಿಂತವನೂ ಅವನೇ. ನಿಂತು ನಿಂತು ಅವನಿಗೆ ಊರಿನ ಎಲ್ಲ ಸುದ್ದಿಯೂ ಗೊತ್ತಾಗಿದೆ.

"ಹ್ವಾಯ್, ಎಂತ ಮಾರಾಯ್ರೆ ಇವತ್ತ್? ಫಟಾಫಟ್ ಆಯ್ಲಿ, ಹಾಲ್ ಹಾಳಾತ್ತ್" ಎಂದು ಶೀನಣ್ಣ ಹಿಂದಿನಿಂದ ಕೂಗಿದ. ಗಿರಿಜಕ್ಕ ಬಾಗಿಲಿನಲ್ಲಿ ಇಣುಕಿ, "ಅದ್ ಎಂತದಾ ಅಲ್ಲಿ ಸುತ್ ತಿರ್ಗುದ್?" ಎಂದು ಕೇಳಿದರು. ಅಪ್‌ಡೇಟ್ ಅಂದೆ. "ಹಾಂಗಂದ್ರೆ?" ಅಂದರು. ಹಾಗಂದರೆ ಏನು ಎಂದು ನನಗೂ ಗೊತ್ತಿಲ್ಲದ ಕಾರಣ ಮೌಸನ್ನು ಇನ್ನೊಮ್ಮೆ ಒತ್ತಿದೆ. ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟರು. ವಯರ್ ಕಿತ್ತು ಮತ್ತೆ ಹಾಕಿ ಅಂದರು. ಫ್ಯಾನ್ ಹಾಕಿ, ಬಿಸಿಯಾಗಿರಬೇಕು ಅಂದರು. ತಮ್ಮ ಮನೆಯ ಟಿವಿಗೆ ಹೀಗೇ ಆದಾಗ ಎರಡು ಬಡಿದರೆ ಸರಿಯಾಗುತ್ತಿತ್ತು ಎಂದು ಒಬ್ಬರು ಕೈ ಎತ್ತಿಕೊಂಡೇ ಒಳಗೆ ಬಂದರು. ಅವರನ್ನು ನಾನು ತಡೆದೆನಾದರೂ, ಮನಸ್ಸಿನಲ್ಲಿ ಅವರ ಪರವಾಗಿಯೇ ಇದ್ದೆ.

ಐದೂಕಾಲಿಗೆ ರೇವತಿ ತಾನಾಗಿ ಫೋನ್ ಮಾಡಿದಳು. ಕೈಯಲ್ಲಿ ಮೌಸ್ ಇದ್ದದ್ದರಿಂದ ಸ್ಪೀಕರ್ ಹಾಕಿ ಮೇಜಿನ ಮೇಲೆ ಇಟ್ಟೆ. ಬಾಗಿಲ ತುಂಬ ಜನ. "ಅಣ್ಣ, ನಿಜ ಹೇಳಿ. ದೊಡ್ಡದ್ ಮೊದ್ಲ್ ಹಾಕಿದ್ರಿಯಾ, ಸಣ್ಣದಾ?" ಎಂದು ಅವಳ ದನಿ ಇಡೀ ಡೈರಿಗೆ ಕೇಳಿಸಿತು. ಎಲ್ಲರೂ ನನ್ನ ಮುಖ ನೋಡಿದರು. ಸುಳ್ಳು ಹೇಳಲು ಇನ್ನು ಹೊತ್ತೂ ಇರಲಿಲ್ಲ, ಧೈರ್ಯವೂ ಇರಲಿಲ್ಲ. "ಸಣ್ಣದ್" ಅಂದೆ.

"ಅಯ್ಯೋ ದೇವ್ರೆ. ಎಂತಕ್ಕೆ?"

"ನಮ್ಮಲ್ಲಿ ಅದೇ ಕ್ರಮ" ಅಂದೆ.

ಸುಮತಿ ಪಾತ್ರೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು. ರೇವತಿ ಬಯ್ಯಲಿಲ್ಲ. ಬಯ್ದಿದ್ದರೆ ವಾಸಿಯಿತ್ತು. ಸಣ್ಣವೆಲ್ಲ ದೊಡ್ಡದರ ಒಳಗಿನ ಸಣ್ಣಪುಟ್ಟ ರಿಪೇರಿಗಳು, ದೊಡ್ಡದೇ ಇಲ್ಲದೆ ರಿಪೇರಿ ಯಾವುದಕ್ಕೆ ಎಂದು ಒಂದನೇ ಕ್ಲಾಸಿನ ಟೀಚರ ಹಾಗೆ ಬಿಡಿಸಿ ಹೇಳಿದಳು. ಈಗ ಹಾಕಿದ್ದನ್ನೆಲ್ಲ ತೆಗೆಯಬೇಕು, ಅದನ್ನೂ ಕ್ರಮದಲ್ಲೇ, ಕೊನೆಗೆ ಹಾಕಿದ್ದು ಮೊದಲು. ಆಮೇಲೆ ದೊಡ್ಡದು ಹಾಕಬೇಕು. "ಇನ್ನೊಂದ್ ಸಲ ಐದನ್ನೂ ಸೇರ್ಸಿ ಒಂದೇ ಮಾಡಿ ಕಳ್ಸ್ತೆ ಅಣ್ಣ. ನಿಮ್ಗೆ ಆರ್ಸ್ಕಂಬುಕೇ ಎಂತ ಇಪ್ಪುದಿಲ್ಲೆ" ಅಂದಳು. ಇದು ಸಮಾಧಾನದ ಮಾತೋ ಅವಮಾನದ ಮಾತೋ ತಿಳಿಯಲಿಲ್ಲ. ಹಾಗೆ ಸೇರಿಸಿ ಕಳಿಸಬಹುದು ಎಂದಿದ್ದರೆ ಮೊದಲೇ ಯಾಕೆ ಕಳಿಸಲಿಲ್ಲ ಎಂದು ಕೇಳಬೇಕೆನಿಸಿತು. ನನ್ನ ಮೇಲೆ ಅವಳಿಗೆ ನಂಬಿಕೆ ಇತ್ತು ಎಂಬ ಉತ್ತರ ಬರಬಹುದೆಂದು ಹೆದರಿ ಕೇಳಲಿಲ್ಲ.

ತೆಗೆದೆ. ಐದೂಮುಕ್ಕಾಲಿಗೆ ದೊಡ್ಡದನ್ನು ಒತ್ತಿದೆ. ನೀಲಿ ತೆರೆ ಬಂತು, ಚುಕ್ಕೆ ತಿರುಗಿದವು, ಶೇಕಡ ಲೆಕ್ಕ ಶುರುವಾಯಿತು. ಹತ್ತರವರೆಗೆ ಓಡಿತು. ಇಪ್ಪತ್ತರವರೆಗೆ ನಡೆಯಿತು. ಮೂವತ್ತಕ್ಕೆ ಬಂದು ಕೂತುಬಿಟ್ಟಿತು. ಬಾಗಿಲಲ್ಲಿ ನಿಂತವರು ಒಳಗಿನ ಅಂಕಿಯನ್ನು ಹಿಂದಿನವರಿಗೆ ದಾಟಿಸುತ್ತಿದ್ದರು, ಚುನಾವಣೆಯ ಎಣಿಕೆಯ ದಿನದ ಹಾಗೆ. "ಮೂವತ್ತ್." "ಇನ್ನೂ ಮೂವತ್ತಾ?" "ಮೂವತ್ತೇ." ಆರೂವರೆಗೆ ವ್ಯಾನ್ ಬಂತು, ಅದು ಬರುವಾಗ ಅರವತ್ತೊಂದು. ಡ್ರೈವರ್ ರಾಜು ಒಳಗೆ ಬಂದು ತೆರೆ ನೋಡಿದ, ನನ್ನನ್ನು ನೋಡಿದ. "ಏಳ್ ಗಂಟಿ ತನ್ಕ ನಿಲ್ತೆ. ಮತ್ ನಿಲ್ಲುಕಾತಿಲ್ಲೆ, ಮುಂದೆ ಇನ್ನೂ ಎರಡ್ ಡೈರಿ ಹಾಲ್ ಇತ್ತ್" ಅಂದ. ಅವನು ಹೇಳಿದ್ದು ನ್ಯಾಯವೇ. ಚೀಟಿ ಇಲ್ಲದೆ ತೆಗೆದುಕೊಂಡು ಹೋಗು ಎಂದು ನಾನು ಕೇಳಲಿಲ್ಲ, ಕೇಳಿದ್ದರೂ ಅವನು ಕೊಂಡುಹೋಗುತ್ತಿರಲಿಲ್ಲ. ಬೀಳ್ಕೊಡುವ ಸಭೆ ಕಣ್ಣಿನ ಮುಂದೆ ಬಂತು. ಅಧ್ಯಕ್ಷರು ಮೈಕಿನ ಮುಂದೆ ನಿಂತು, 'ಒಮ್ಮೆ ಮಾತ್ರ' ಅನ್ನುತ್ತಿದ್ದರು.

ಏಳಕ್ಕೆ ಹನ್ನೆರಡು ನಿಮಿಷ ಇರುವಾಗ ಅದು ಎದ್ದಿತು. ಉಳಿದ ನಾಲ್ಕು ನಾಳೆಗಿರಲಿ, ಇವತ್ತಿಗೆ ಇಷ್ಟು ಸಾಕು ಎಂದು ರೇವತಿ ಹೇಳಿದಳು. ಹಾಲಿನ ಪ್ರೋಗ್ರಾಮ್ ಒತ್ತಿದೆ, ತೆರೆಯಿತು. ಅಳು ಬರುವಷ್ಟು ಸಂತೋಷವಾಯಿತು. ಸುಮತಿ ಪಾತ್ರೆ ಮುಂದೆ ಚಾಚಿದಳು. ಆಗ ಶೀನಣ್ಣ ಸಾಲು ಬಿಟ್ಟು ಒಳಗೆ ಬಂದ. "ಸೆಕ್ರೆಟ್ರಿಯರೆ, ಒಬ್ಬೊಬ್ರಿಗೆ ಒಂದ್ ನಿಮಿಷ ಬೇಕ್. ಹನ್ನೆರಡ್ ನಿಮಿಷಕ್ಕೆ ಹನ್ನೆರಡ್ ಜನ. ಸಣ್ ಪಾತ್ರೆ ಹನ್ನೆರಡ್ ತಕಂಡ್ರೆ ಒಂದ್ ಕ್ಯಾನೂ ತುಂಬುದಿಲ್ಲೆ. ಎಂತ ಮಾಡ್ತ್ರಿ?" ಅಂದ. ಅವನ ದನಿಯಲ್ಲಿ ಕುಹಕ ಇರಲಿಲ್ಲ. ಲೆಕ್ಕ ಹಾಕಿ ಹೇಳಿದ್ದ, ಅಷ್ಟೆ.

ನಾನು ಸುಮತಿಯ ಮುಖ ನೋಡಲಿಲ್ಲ. "ದೊಡ್ ಕ್ಯಾನಿನವ್ರ್ ಮುಂದೆ ಬನ್ನಿ" ಅಂದೆ. ಇಪ್ಪತ್ತನಾಲ್ಕು ವರ್ಷದಲ್ಲಿ ನನ್ನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಮೊದಲು ಸ್ಯಾಂಪಲ್, ಆಮೇಲೆ ಕ್ಯಾನ್ ಎಂದು ಕೂಗಲು ಕೂಡ ಉಸಿರಿರಲಿಲ್ಲ, ಅವರೇ ಹಾಗೆ ಮಾಡಿದರು. ದೊಡ್ಡವು ಹನ್ನೊಂದು ಆಯಿತು. ರವಾನೆ ಚೀಟಿ ಕಿರ್ ಎಂದು ಹೊರಗೆ ಬಂತು. ರಾಜು ಕ್ಯಾನ್ ಏರಿಸಿ ಹೋದ. ವ್ಯಾನ್ ಖಾಲಿ ಹೋಗಲಿಲ್ಲ. ಇಪ್ಪತ್ತೇಳು ಸಣ್ಣ ಪಾತ್ರೆಗಳು ಅಂಗಳದಲ್ಲಿ ಉಳಿದವು. "ಇಷ್ಟ್ ವರ್ಷ ಮೊದ್ಲ್ ಕೊಟ್ಟಿದ್ದೆ, ಒಂದ್ ದಿನ ಮನಿಗ್ ತಕಂಡ್ ಹೋದ್ರೆ ಎಂತ ಆತ್ತ್? ಪಾಯಸ ಮಾಡ್ತೆ" ಎಂದು ಗಿರಿಜಕ್ಕ ನನ್ನನ್ನೇ ಸಮಾಧಾನ ಮಾಡಿ ಹೋದರು. ಅವರು ಬಯ್ದು ಹೋಗಿದ್ದರೆ ನನಗೆ ರಾತ್ರಿ ಅನ್ನ ಇಳಿಯುತ್ತಿತ್ತು. ಸುಮತಿ ಪಾತ್ರೆಗೆ ಮುಚ್ಚಳ ಹಾಕಿ ನಡೆದಳು.

ಮರುದಿನ ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದರೆ ಸಾಲಿನ ತಲೆಯಲ್ಲಿ ಶೀನಣ್ಣನ ಎರಡು ಕ್ಯಾನ್. ಕೊನೆಯಲ್ಲಿ ಸುಮತಿ. "ಅದ್ ಎಂತ ಶೀನಣ್ಣ, ಕ್ರಮ ಬದ್ಲಾಯ್ತಾ?" ಎಂದೆ. ಸಣ್ಣ ಪಾತ್ರೆಯವರ ಕಷ್ಟ, ಬಡವರ ಅನುಕೂಲ ಎಂದು ಬೈಂದೂರಿನ ಭಾಷಣವನ್ನು ಮತ್ತೆ ಶುರು ಮಾಡಿದೆ. ಅವನು ಪೂರ್ತಿ ಕೇಳಿದ. ಆಮೇಲೆ, "ಗಿರಿಜಕ್ಕ ಬಂದ್ರೆ ಎಲ್ಲಾರೂ ಬಿಟ್ಕೊಡ್ತ್ರ್, ಅದ್ಕೆ ಕ್ರಮ ಬ್ಯಾಡ. ಆ ಕ್ರಮ ಯಾರಿಗ್ ಮಾಡದ್ದ್ ಅಂದೇಳಿ ನಮ್ಗೆ ಗೊತ್ತಿಲ್ಯಾ? ಏಳ್ ಗಂಟಿಗೆ ಬಪ್ಪು ಫ್ಲಾಸ್ಕ್ ಕಾಂಬುಕೆ ನಮ್ಗೂ ಕಣ್ಣಿತ್ತ್" ಅಂದ. ಸಾಲಿನಲ್ಲಿ ಒಬ್ಬರೂ ಆಶ್ಚರ್ಯಪಡಲಿಲ್ಲ. ಕೆಲವರು ಹಿಂಡಿ ಮೂಟೆಯ ಮೇಲಿನ ಅಕ್ಷರ ಓದತೊಡಗಿದರು.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನಾನು ಹೊಸದಾಗಿ ಕಾರ್ಯದರ್ಶಿಯಾದಾಗ ಸುಮತಿ ನಮ್ಮ ಒಂದೂವರೆ ಲೀಟರು ಹಿಡಿದುಕೊಂಡು ದೊಡ್ಡ ಕ್ಯಾನುಗಳ ಹಿಂದೆ ನಿಲ್ಲುತ್ತಿದ್ದಳು. ಅವಳು ಹಾಲು ಕೊಟ್ಟು, ಮನೆಗೆ ಹೋಗಿ, ದೋಸೆ ಎರೆದು, ಫ್ಲಾಸ್ಕಿನಲ್ಲಿ ಚಾ ತರುವಾಗ ಎಂಟೂವರೆ ದಾಟುತ್ತಿತ್ತು. ಒಂದು ವಾರ ಹಸಿದುಕೊಂಡು ಕೂತ ಮೇಲೆ ನನಗೆ ಸಣ್ಣ ಪಾತ್ರೆಯವರ ಕಷ್ಟ ಅರ್ಥವಾಯಿತು. ಅಂದಿನಿಂದ ಏಳಕ್ಕೆ ಸರಿಯಾಗಿ ಚಾ ಬರುತ್ತಿತ್ತು. ಬಡವರ ಮಾತು ಆಮೇಲೆ ಬಂದು ಸೇರಿಕೊಂಡದ್ದು. ಹೇಳುತ್ತ ಹೇಳುತ್ತ ಎಷ್ಟು ಸೊಗಸಾಗಿ ಬಂತೆಂದರೆ, ಮೂಲ ಕಾರಣ ಏನು ಎಂದು ನನಗೇ ಮರೆತುಹೋಗಿತ್ತು. ಊರಿನವರಿಗೆ ಮರೆತಿರಲಿಲ್ಲ.

ಅಂದು ಎಂಟೂವರೆಗೆ ಚಾ ಬಂತು. ಮರುದಿನವೂ ಎಂಟೂವರೆಗೆ. ನಾಲ್ಕನೇ ದಿನ ನಾನು ಮೆಲ್ಲಗೆ ಸುಮತಿಯ ಹತ್ತಿರ, ಸಾಲಿನಲ್ಲಿ ನಿಲ್ಲುವುದಿದ್ದರೆ ನಿಲ್ಲು, ಚಾ ಮೊದಲೇ ಮಾಡಿ ತರಬಹುದಲ್ಲ, ಅದೇನು ಐದು ನಿಮಿಷದ ಸಣ್ಣ ಕೆಲಸ ಅಂದೆ. ಅವಳು ನನ್ನ ಅಂಗಿಯ ಜೇಬಿಗೆ ಕೈ ಹಾಕಿ ರೇವತಿಯ ಚೀಟಿ ತೆಗೆದಳು. ಅದಿನ್ನೂ ಅಲ್ಲೇ ಇತ್ತು, ಒಗೆಯುವಾಗ ಕಂಡಿದ್ದಳಂತೆ, ಒಣಗಿಸಿ ಮತ್ತೆ ಇಟ್ಟಿದ್ದಳಂತೆ. ಬಿಡಿಸಿ ನನ್ನ ಮುಂದೆ ಹಿಡಿದಳು. "ಹಟ್ಟಿ ಕೆಲ್ಸ ದೊಡ್ಡದ್. ಹಾಲ್ ಕೊಡುದ್ ದೊಡ್ಡದ್. ಚಾ ಸಣ್ಣದ್ ಅಂದೇಳಿ ನೀವೇ ಹೇಳ್ದ್ರಿ. ಎಂತ ಬರ್ದಿತ್ತ್ ಇಲ್ಲಿ, ಓದಿ" ಅಂದಳು. ಓದಿದೆ. ಶಾಯಿ ಕದಡಿದ್ದರೂ 'ಮುಟ್ಟಬೇಡಿ' ಅನ್ನುವುದರ ಕೆಳಗಿನ ಎರಡು ಗೆರೆ ಹಾಗೇ ಇದ್ದವು.

ಈಗ ಬೆಳಿಗ್ಗೆ ಏಳಕ್ಕೆ ನಾನು ಖಾಲಿ ಹೊಟ್ಟೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿರುತ್ತೇನೆ. ಆ ನಾಲ್ಕು ಚಿಕ್ಕ ಅಪ್‌ಡೇಟುಗಳನ್ನು ರೇವತಿ ಬಂದು ಕೂರಿಸಿ ಹೋದಳು, ಅವು ಮುಗಿಯುವುದರೊಳಗೆ ಇನ್ನೂ ಮೂರು ಹೊಸತು ಬಂದಿವೆ. ಅದು ಎಂದಿನ ನಯದಲ್ಲೇ 'ದಯವಿಟ್ಟು ಕಾಯಿರಿ' ಅನ್ನುತ್ತದೆ. ಸಾಲಿನ ತುದಿಯಲ್ಲಿ, ಹಾಲು ಕೊಟ್ಟಾದ ಗಿರಿಜಕ್ಕನ ಜೊತೆ ಮಾತಾಡುತ್ತ ನಿಂತ ಸುಮತಿಯೂ ನನ್ನ ಕಡೆ ನೋಡಿ ಅದನ್ನೇ ಹೇಳುತ್ತಾಳೆ, 'ದಯವಿಟ್ಟು' ಒಂದನ್ನು ಬಿಟ್ಟು.